ಮೆಟ್ರಿಯ ಹದಿನಾಲ್ಕು ಸೈಕಲ್ಲುಗಳು

ಪಂಪಾವತಿಗೆ ಸಿಹಿಯಾಗಿ ಮಾತಾಡಿ ರೂಢಿಯಿರಲಿಲ್ಲ. ಸಂಡೂರಿನ ಗಣಿಯೊಂದರ ವರ್ಕ್‌ಶಾಪಿನಲ್ಲಿ ಒಂಬತ್ತು ವರ್ಷ ಗಂಡಸರ ನಡುವೆ ವೆಲ್ಡಿಂಗ್ ಮಾಡಿ ದುಡಿದವಳು. ಅಲ್ಲಿ ಮೆತ್ತಗೆ ಮಾತಾಡಿದವರ ನಟ್ಟು ಬಿಚ್ಚುವ ಪಾನಾ ಮರುದಿನ ಇನ್ನೊಬ್ಬರ ಕೈಯಲ್ಲಿರುತ್ತಿತ್ತು. ಗುತ್ತಿಗೆ ಮುಗಿದು ಕೆಲಸ ಹೋದಾಗ, ಮೂವತ್ತನಾಲ್ಕರ ವಯಸ್ಸಿನಲ್ಲಿ, ಮೆಟ್ರಿಗೆ ವಾಪಸ್ ಬಂದಳು. ಮನೆಯ ಮುಂದೆ ರಸ್ತೆಗೆ ತಾಗಿ ನಾಲ್ಕು ತಗಡು ಹೊಡೆದು ಸೈಕಲ್ ಶಾಪ್ ತೆರೆದಳು. ಎಲ್ಲರೂ ಬೈಕು ಓಡಿಸುವ ಕಾಲದಲ್ಲಿ ಇವಳು ಸೈಕಲ್ ರಿಪೇರಿಗೆ ಕೂತಳಲ್ಲ ಎಂದು ಊರು ನಕ್ಕಿತು.

ಮನೆಯಲ್ಲಿ ತಾಯಿ ಬಸಕ್ಕ, ಅಣ್ಣ ಪರಶುರಾಮ್, ಅವನ ಹೆಂಡತಿ ಮಕ್ಕಳು. ಪರಶುರಾಮ್ ಕಂಪ್ಲಿಯ ಗಾದಿಲಿಂಗಪ್ಪ ಸಾಹುಕಾರರ ಅಕ್ಕಿ ಮಿಲ್ಲಿನ ಟೆಂಪೋ ಓಡಿಸುತ್ತಿದ್ದ. ಬೆಳಿಗ್ಗೆ ಆರಕ್ಕೆ ಮೆಟ್ರಿಯ ಹೆಂಗಸರನ್ನು ತುಂಬಿಕೊಂಡು ಹೋಗಬೇಕು, ಸಂಜೆ ಕರೆತರಬೇಕು. ಸಂಜೆ ಅಂದರೆ ಎಷ್ಟು ಹೊತ್ತಿಗೆ ಎನ್ನುವುದು ಮಾತ್ರ ಸಾಹುಕಾರರ ಮರ್ಜಿ. ಕೆಲಸ ಆರಕ್ಕೆ ಮುಗಿದರೂ ಟೆಂಪೋ ಏಳಕ್ಕೆ ಹೊರಡುತ್ತಿರಲಿಲ್ಲ, ಒಮ್ಮೊಮ್ಮೆ ಎಂಟಕ್ಕೂ ಹೊರಡುತ್ತಿರಲಿಲ್ಲ. ಹತ್ತು ಹನ್ನೆರಡು ಕಿಲೋಮೀಟರ್ ದಾರಿ, ಆ ಹೊತ್ತಿಗೆ ಬಸ್ಸೂ ಇಲ್ಲ. ಕಾಯುವವರನ್ನು ಸುಮ್ಮನೆ ಕೂರಲು ಯಾರು ಬಿಡುತ್ತಾರೆ? ಹೆಂಗೂ ಕುಂತೀರಿ, ಆ ತೌಡಿನ ಚೀಲ ಹೊಲೀರಿ, ಆ ಕಣ ಒಂದೀಟು ಗುಡಿಸ್ರಿ, ಎಂದು ಮೇಸ್ತ್ರಿ ಬರುತ್ತಿದ್ದ. ಹೀಗೆ ದಿನಾ ಎರಡು ತಾಸು ಪುಕ್ಕಟೆ ದುಡಿಮೆ.

ಮೊದಲು ಸಿಡಿದವಳು ಸುಂಕಲಮ್ಮ. ಕಿರಿಮಗಳಿಗೆ ಜ್ವರ ಏರಿದೆ ಎಂದು ಪಕ್ಕದ ಮನೆಯವರು ಮಧ್ಯಾಹ್ನವೇ ಫೋನ್ ಮಾಡಿದ್ದರೂ ಅಂದು ಟೆಂಪೋ ಎಂಟರವರೆಗೆ ಅಲುಗಲಿಲ್ಲ. ಮರುದಿನ ಬೆಳಿಗ್ಗೆ ಅವಳು ತನ್ನ ಹಿತ್ತಲಲ್ಲಿ ಕೋಳಿಗಳು ಕೂರುತ್ತಿದ್ದ ತುಕ್ಕು ಹಿಡಿದ ಲೇಡೀಸ್ ಸೈಕಲ್ಲನ್ನು ಎಳೆದು ತಂದು ಪಂಪಾವತಿಯ ಮುಂದೆ ಕೆಡವಿದಳು. ಹಿರಿಮಗಳು ಎಂಟನೇ ತರಗತಿಯಲ್ಲಿದ್ದಾಗ ಶಾಲೆಯಲ್ಲಿ ಕೊಟ್ಟಿದ್ದ ಸೈಕಲ್ಲು ಅದು.

"ಇದರ ಮ್ಯಾಗ ನಾ ದಿನಾ ಕಂಪ್ಲಿಗೆ ಹೋಗಿ ಬರಬೇಕು. ಹಂಗ ಮಾಡಿ ಕೊಡು."

"ಹೊಡಿಯಾಕ ಬರ್ತೈತೇನು?"

"ಸಣ್ಣಾಕಿದ್ದಾಗ ನಮ್ಮಪ್ಪನ ಸೈಕಲ್ ನಡುವ ಕಾಲು ತೂರಿಸಿ ಹೊಡದೀನಿ. ಮರಿಯೋ ವಿದ್ಯಾ ಏನದು?"

ಪಂಪಾವತಿ ಸೈಕಲ್ಲನ್ನು ಪೂರ್ತಿ ಬಿಚ್ಚಿದಳು. ಉಳಿದ ಫ್ರೇಮನ್ನು ಉಜ್ಜಿ, ಬಿರುಕು ಬಿಟ್ಟಲ್ಲಿ ವೆಲ್ಡ್ ಮಾಡಿದಳು. ಹೊಸಪೇಟೆಯ ಗುಜರಿಯಿಂದ ತಂದ ರಿಮ್ಮುಗಳ ಕಡ್ಡಿಗಳನ್ನು ಒಂದೊಂದಾಗಿ ಬಿಗಿದು ಬೆಂಡು ತೆಗೆದಳು. ಕಾಲುವೆ ಏರಿ ಹತ್ತುವಾಗ ಮಂಡಿ ನೋಯಬಾರದೆಂದು ಹಿಂದಿನ ಗಾಲಿಗೆ ಹೆಚ್ಚು ಹಲ್ಲಿನ ಚಕ್ರ ಕೂಡಿಸಿದಳು. ಸೀರೆ ಸಿಕ್ಕಿಕೊಳ್ಳದಂತೆ ಎರಡೂ ಪಕ್ಕ ಜಾಲರಿ ಕಟ್ಟಿದಳು. ಬೆನ್ನು ಬಾಗದೆ ಕೂರುವಂತೆ ಹ್ಯಾಂಡಲನ್ನು ಎತ್ತರಿಸಿದಳು. ಬುತ್ತಿಗೆ ಮುಂದೊಂದು ಬುಟ್ಟಿ, ಬರುವಾಗ ಹುಲ್ಲಿನ ಹೊರೆ ಹೇರಲು ಕಬ್ಬಿಣದ ಸರಳಿನ ಅಗಲ ಕ್ಯಾರಿಯರ್, ಸಂಜೆಗೆ ಡೈನಮೋ ದೀಪ. ಕೊನೆಗೆ ಸುಂಕಲಮ್ಮನನ್ನು ಮೇಲೆ ಕೂರಿಸಿ, ಅವಳ ಕಾಲಿನ ಉದ್ದ ನೋಡಿ, ಸೀಟನ್ನು ಮೂರು ಸಲ ಏರಿಸಿ ಇಳಿಸಿದಳು.

"ಹೋಗು. ಬ್ರೇಕ್ ಜೋರು ಹಿಡೀಬ್ಯಾಡ, ಮಕಾಡೆ ಬೀಳ್ತಿ," ಎಂದಳು. ಅವಳ ಬಾಯಲ್ಲಿ ಅದೇ ಹೆಚ್ಚಿನ ಪ್ರೀತಿ.

ಸೈಕಲ್ಲಿನಲ್ಲಿ ಮಿಲ್ಲಿಗೆ ಹೋದ ಮೊದಲ ದಿನವೇ, ಸಂಜೆ ಆರು ಹೊಡೆಯುತ್ತಲೇ, ಸುಂಕಲಮ್ಮ ಮೇಸ್ತ್ರಿಯ ಮುಂದೆಯೇ ಬೆಲ್ ಬಾರಿಸಿಕೊಂಡು ಹೊರಟಳು. ಏಳಕ್ಕೆ ಮನೆಯಲ್ಲಿ ಒಲೆ ಹಚ್ಚಿದ್ದಳು. ಒಂದು ವಾರದಲ್ಲಿ ಇನ್ನೂ ನಾಲ್ವರು ಹಿತ್ತಲಿಂದ ಸೈಕಲ್ ಎಳೆದುಕೊಂಡು ಬಂದರು. ದೀಪಾವಳಿ ಹೊತ್ತಿಗೆ ಹದಿನಾಲ್ಕಾಯಿತು. ಟೆಂಪೋದಲ್ಲಿ ಉಳಿದವರು ಇಬ್ಬರು ಮುದುಕಿಯರು.

ಪರಶುರಾಮ್ ಮನೆಯಲ್ಲಿ ಮಾತು ಬಿಟ್ಟ. ಒಂದು ಸಂಜೆ ಊಟಕ್ಕೆ ಕೂತವನು ತಟ್ಟೆಯನ್ನು ದೂರ ತಳ್ಳಿದ.

"ಊರಾಗ ಇಷ್ಟು ಮಂದಿ ಅದಾರ. ನನ್ನ ಗಾಡೀದೋರ ಬೇಕಾಗಿತ್ತೇನು ನಿನಗ?"

"ನಾ ಯಾರನ್ನೂ ಕರಿಯಾಕ ಹೋಗಿಲ್ಲಣ್ಣ. ಅವರ ಬಂದ್ರು."

"ಬಂದ್ರ ಆಗಂಗಿಲ್ಲ ಅನ್ನು."

"ಯಾಕನ್ಲಿ?"

ಬಸಕ್ಕ ನಡುವೆ ಬಾಯಿ ಹಾಕಿದಳು. "ಒಡಹುಟ್ಟಿದಾಂವ ಕೇಳ್ತಾನ, ಅದಕ್ಕ." ಪಂಪಾವತಿ ಕೈ ತೊಳೆದು ಎದ್ದು ಹೋದಳು.

ಎರಡು ದಿನ ಬಿಟ್ಟು ಗಾದಿಲಿಂಗಪ್ಪನವರೇ ಬಂದರು. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಬೈಕು ನಿಲ್ಲಿಸಿದರು, ಇಳಿಯಲಿಲ್ಲ. ಆ ಕೇರಿಯಲ್ಲಿ ಅವರು ನೆಲಕ್ಕೆ ಕಾಲಿಟ್ಟಿದ್ದನ್ನು ಯಾರೂ ಕಂಡಿರಲಿಲ್ಲ.

"ಏನವಾ, ನಮ್ಮ ಮಿಲ್ಲಿನ ಹೆಣ್ಮಕ್ಕಳನ್ನ ಹಾಳು ಮಾಡಾಕ ಹತ್ತೀಯಂತ?"

"ಸೈಕಲ್ ರಿಪೇರಿ ಮಾಡಾಕ ಹತ್ತೀನ್ರಿ."

"ನಾ ಗಾಡಿ ಇಟ್ಟೀನಿ. ಬಾಡಿಗಿ ಕೇಳಿಲ್ಲ. ಬಿಸಲಾಗ ತುಳಕೊಂತ ಬರ್ಲಿ ಅಂತೀಯೇನು?"

"ಗಾಡಿ ಆರಕ್ಕ ಬಿಡ್ರಿ ಸಾವ್ಕಾರ್ರ. ನಾಳಿಂದ ಒಬ್ರೂ ಸೈಕಲ್ ಮುಟ್ಟಂಗಿಲ್ಲ."

"ನನ್ನ ಗಾಡಿ ಎಷ್ಟೊತ್ತಿಗೆ ಬಿಡಬೇಕು ಅಂತ ನಿನ್ನ ಕೇಳ್ಬೇಕೇನು ನಾನು?"

"ನನ್ನ ಕೇಳಬ್ಯಾಡ್ರಿ. ಗಡಿಯಾರ ನೋಡ್ರಿ."

ಗಾದಿಲಿಂಗಪ್ಪನವರು ಬೈಕು ಚಾಲೂ ಮಾಡಿದರು. "ನಿಮ್ಮಣ್ಣ ನನ್ನ ಉಪ್ಪು ಉಣ್ಣಾಕ ಹತ್ಯಾನ. ನೆನಪಿರ್ಲಿ."

"ದುಡದು ಉಣ್ಣಾಕ ಹತ್ಯಾನ್ರಿ," ಎಂದು ಪಂಪಾವತಿ ಕೈಯಲ್ಲಿದ್ದ ಚೈನಿನ ಕಡೆ ತಿರುಗಿದಳು. ಬೈಕು ಧೂಳೆಬ್ಬಿಸಿ ಹೋಯಿತು.

ಮಾರನೇ ದಿನ ಮಿಲ್ಲಿನ ಗೇಟಿಗೆ ಬೋರ್ಡು ಬಿತ್ತು: ಒಳಗೆ ಸೈಕಲ್ ತರಕೂಡದು. ಹೆಂಗಸರು ಗೇಟಿನ ಹೊರಗೆ, ವಾಚ್‌ಮನ್ ಹೊನ್ನೂರುಸ್ವಾಮಿಯ ಕೋಣೆಯ ಪಕ್ಕ ಬೇವಿನ ಮರದಡಿ ನಿಲ್ಲಿಸಿದರು. ಹೊನ್ನೂರುಸ್ವಾಮಿ ಬೇಡ ಅನ್ನಲಿಲ್ಲ. ಅರವತ್ತರ ಹತ್ತಿರದ, ಎಡಗಾಲು ಗಿಡ್ಡವಿದ್ದ ಮನುಷ್ಯ. ಅವನ ಸೈಕಲ್ಲಿನ ಎಡ ಪೆಡಲಿಗೆ ಮರದ ತುಂಡು ಕೂಡಿಸಿ ಕಾಲಿಗೆ ನಿಲುಕುವಂತೆ ಮಾಡಿಕೊಟ್ಟವಳು ಪಂಪಾವತಿ. ಅದಕ್ಕೂ ಮೊದಲು ಅವನು ಕಂಪ್ಲಿ ಪೇಟೆಯಿಂದ ಮಿಲ್ಲಿಗೆ ಕುಂಟಿಕೊಂಡೇ ನಡೆಯುತ್ತಿದ್ದ.

ಒಂದು ವಾರ ಹೀಗೇ ಹೋಯಿತು. ಎಂಟನೇ ದಿನ ಸಂಜೆ, ಕತ್ತಲು ಕವಿಯುತ್ತಿದ್ದಾಗ, ಕಬ್ಬಿನ ಟ್ರ್ಯಾಕ್ಟರಿನ ಖಾಲಿ ಟ್ರೇಲರ್ ಒಂದು ಪಂಪಾವತಿಯ ತಗಡಿನ ಮುಂದೆ ಬಂದು ನಿಂತಿತು. ಅದರಲ್ಲಿ ಹದಿನಾಲ್ಕು ಸೈಕಲ್ಲು ಒಂದರ ಮೇಲೊಂದು ಬಿದ್ದಿದ್ದವು, ಅವುಗಳ ನಡುವೆ ಹೆಂಗಸರು ಕೂತಿದ್ದರು. ಅಷ್ಟೂ ಗಾಲಿಗಳ ಟೈರನ್ನು ಯಾರೋ ಕೊಯ್ದಿದ್ದರು.

"ನಿನ್ನ ಮಾತು ಕೇಳಿ ಬೀದಿಗೆ ಬಿದ್ವಿ ನೋಡು," ಎಂದು ಒಬ್ಬಳು ಇಳಿಯುವಾಗಲೇ ಕೂಗಿದಳು.

"ನನ್ನ ಮಾತು ಯಾವಾಗ ಕೇಳಿದ್ರಿ? ನೀವ ತಂದು ಕೆಡವಿದ್ರಿ, ನಾ ಮಾಡಿ ಕೊಟ್ಟೆ."

"ಹೊನ್ನೂರುಸ್ವಾಮೀದ ಈ ಕೆಲ್ಸ," ಎಂದಳು ಸುಂಕಲಮ್ಮ. ಅವಳ ಕಣ್ಣು ಕೆಂಪಗಿದ್ದವು. "ಅಲ್ಲಿ ಕುಂದ್ರಾಂವ ಅವನೊಬ್ಬನ. ಸಾವ್ಕಾರ್ರು ಅರ್ಧ ತಾಸು ತೂಕಕ್ಕ ಒಳಗ ಕರದಿದ್ರು, ಬರೂದ್ರಾಗ ಹಿಂಗಾಗಿತ್ತು ಅಂತಾನ. ಯಾರು ನಂಬ್ತಾರ? ನಾಳೆ ಅವನ ಕಾಲು ಮುರೀಲಿಲ್ಲಂದ್ರ ನನ್ನ ಹೆಸ್ರು ಸುಂಕ್ಲಮ್ಮ ಅಲ್ಲ."

ಅವರು ಬೈಯುತ್ತಲೇ ಮನೆಗಳಿಗೆ ಹೋದರು. ಪಂಪಾವತಿ ಬಲ್ಬು ಹಾಕಿ ಒಂದು ಗಾಲಿಯನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು. ಚಾಕುವಿನ ಗೀರು ನೇರ ಹೋಗುತ್ತದೆ. ಇದು ಬಾಗಿತ್ತು, ಬಿಲ್ಲಿನ ಹಾಗೆ. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಅಂಥ ಗೀರು ಬೀಳುವುದು ರಂಪಿಗೆಯಿಂದ ಮಾತ್ರ. ಚಪ್ಪಲಿ ಹೊಲಿಯುತ್ತಿದ್ದ ಅಜ್ಜ ತೊಗಲು ಕೊಯ್ಯಲು ಇಟ್ಟುಕೊಂಡಿದ್ದ, ಬಾಯಿ ಅರ್ಧ ಚಂದ್ರದಂತಿದ್ದ ಕತ್ತಿ ಅದು. ಈಗ ಅವಳು ಹಳೇ ಟೈರಿನ ತೇಪೆ ಕತ್ತರಿಸಲು ಬಳಸುತ್ತಿದ್ದಳು. ಅದನ್ನು ತೂಗುಹಾಕುತ್ತಿದ್ದ ತಗಡಿನ ಗೋಡೆಯ ಮೊಳೆ ನೋಡಿದಳು. ಮೊಳೆ ಖಾಲಿ ಇತ್ತು.

ಬೆಳಿಗ್ಗೆ ಐದೂವರೆಗೆ ಪರಶುರಾಮ್ ಟೆಂಪೋದ ಗಾಜು ಒರೆಸುತ್ತಿದ್ದಾಗ ಪಂಪಾವತಿ ಆಚೆ ಬಾಗಿಲು ತೆರೆದು ಸೀಟಿನ ಕೆಳಗೆ ಕೈ ಹಾಕಿದಳು. ಎಣ್ಣೆ ಬಟ್ಟೆಯಲ್ಲಿ ಸುತ್ತಿದ ರಂಪಿಗೆ ಸಿಕ್ಕಿತು. ಅದರ ಬಾಯಿಗೆ ಇನ್ನೂ ಕಪ್ಪು ರಬ್ಬರಿನ ಚೂರು ಮೆತ್ತಿತ್ತು.

"ಇದು ಇಲ್ಯಾಕ ಬಂತಣ್ಣ?"

ಅವನು ಗಾಜು ಒರೆಸುವುದನ್ನು ನಿಲ್ಲಿಸಲಿಲ್ಲ. "ನೋಡಿದ್ಯಲ್ಲ, ಇನ್ನೇನು ಕೇಳ್ತಿ."

"ಹದಿನಾಲ್ಕು ಸೈಕಲ್. ಒಂದರ ಬಿಡಾಕ ಮನಸ್ಸು ಬರ್ಲಿಲ್ಲೇನು?"

"ನಿನಗ ಬಂತೇನು?" ಪರಶುರಾಮ್ ಬಟ್ಟೆಯನ್ನು ನೆಲಕ್ಕೆ ಒಗೆದ. "ಹನ್ನೆರಡು ವರ್ಷ ಆತು ಸ್ಟೇರಿಂಗ್ ಹಿಡದು. ಖಾಲಿ ಗಾಡಿ ಒಯ್ದು ನಿಲ್ಲಿಸಿದ್ರ ಹಮಾಲ್ರು ನಗ್ತಾರ, 'ಪರಶುರಾಮಾ, ಇವತ್ತು ಗಾಳಿ ತುಂಬ್ಕೊಂಡು ಬಂದೀಯೇನೋ' ಅಂತ. ಸಾವ್ಕಾರ್ರು ಗಾಡಿ ಮಾರ್ತೀನಿ ಅಂತಾರ. ಮಾರಿದ್ರ ನಾ ಏನು ಮಾಡ್ಲಿ? ನಿನ್ನ ಕೈಕೆಳಗ ಪಂಕ್ಚರ್ ಹಾಕ್ಲೇನು?"

"ಹಾಕಿದ್ರ ಕೈ ಸವೀತಾವೇನು?"

"ಬಾಯಿ ಮುಚ್ಚಲೇ!" ಅವನು ಕೈ ಎತ್ತಿದ. ಅಷ್ಟರಲ್ಲಿ ಬಸಕ್ಕ ಓಡಿ ಬಂದು ಇಬ್ಬರ ನಡುವೆ ನಿಂತಳು. ರಂಪಿಗೆ ನೋಡಿದ ಕೂಡಲೇ ಅವಳಿಗೆ ಎಲ್ಲ ತಿಳಿಯಿತು. ಅದನ್ನು ಮಗಳ ಕೈಯಿಂದ ಕಿತ್ತು ಸೆರಗಿನೊಳಗೆ ಇಟ್ಟುಕೊಂಡಳು.

ಇನ್ನೇನೋ ಅನ್ನುವಷ್ಟರಲ್ಲಿ ಸುಂಕಲಮ್ಮ ಬುತ್ತಿ ಹಿಡಿದು ಬಂದಳು, ಮೋರೆಯ ಮೇಲೆ ಗೆದ್ದ ಕಳೆ. "ಗೊತ್ತಾತೇನು? ಸಾವ್ಕಾರ್ರು ಆ ಕುಂಟನ್ನ ಕೆಲಸದಿಂದ ತಗದ್ರಂತ. ಮೇಸ್ತ್ರಿ ಫೋನ್ ಮಾಡಿದ್ದ. ಕಳ್ಳ ಸಿಕ್ಕ, ಇನ್ನ ಎಲ್ಲಾರೂ ಗಾಡ್ಯಾಗ ಬರ್ರಿ ಅಂದ." ಹಿಂದೆಯೇ ಉಳಿದವರೂ ಬಂದರು. ಒಬ್ಬೊಬ್ಬರೇ ಟೆಂಪೋ ಹತ್ತಿದರು. ಪರಶುರಾಮ್ ತಲೆ ತಗ್ಗಿಸಿಕೊಂಡು ಗಾಡಿ ಚಾಲೂ ಮಾಡಿದ.

ಟೆಂಪೋ ತಿರುವಿನಲ್ಲಿ ಮರೆಯಾದ ಮೇಲೆ ಪಂಪಾವತಿ ತನ್ನ ಸೈಕಲ್ಲನ್ನು ಹೊರಗೆ ತಂದಳು. ಬಸಕ್ಕ ಹ್ಯಾಂಡಲ್ ಹಿಡಿದಳು.

"ಎಲ್ಲಿಗೆ?"

"ಮಿಲ್ಲಿಗೆ."

"ಬಾಯಿ ಬಿಟ್ರ ನನ್ನ ಹೆಣಾ ನೋಡ್ತಿ, ಪಂಪಿ. ಅಂವ ಹೆಂಡ್ತಿ ಮಕ್ಕಳಿದ್ದಾಂವ. ನಾಲ್ಕು ಮಂದ್ಯಾಗ ಅವನ ಮಾನ ಕಳೀಬ್ಯಾಡ."

"ಹೊನ್ನೂರುಸ್ವಾಮಿ ಮಾನ ಹೋಗಬಹುದೇನವ್ವ?"

"ಅಂವ ನಮಗೇನಾಗ್ಬೇಕು?"

ಅವನು ಏನೂ ಆಗಬೇಕಿರಲಿಲ್ಲ. ಪಂಪಾವತಿ ತಾಯಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಪೆಡಲ್ ತುಳಿದಳು.

ಎದುರುಗಾಳಿ ಇತ್ತು. ನೆಲ್ಲಿನ ಗದ್ದೆಗಳಲ್ಲಿ ಕೊಯ್ಲು ಯಂತ್ರಗಳು ಆಗಲೇ ಇಳಿದಿದ್ದವು, ದಾರಿಯುದ್ದಕ್ಕೂ ಹುಲ್ಲಿನ ಧೂಳು. ಕಾಲುವೆ ಏರಿಯಲ್ಲಿ ಉಸಿರು ಸಿಕ್ಕಿಕೊಂಡರೂ ಇಳಿಯಲಿಲ್ಲ. ತಿರುಗಿ ಹೋಗಲೇ ಎಂದು ಎರಡು ಸಲ ಅನ್ನಿಸಿತು. ಚಿಕ್ಕಂದಿನಲ್ಲಿ ಇದೇ ಏರಿಯ ಮೇಲೆ ಬಾಡಿಗೆ ಸೈಕಲ್ಲಿನ ಹಿಂದೆ ಓಡಿ, ಬೀಳದಂತೆ ಹಿಡಿದು ಕಲಿಸಿದವನು ಪರಶುರಾಮ್. ಅದು ನೆನಪಾದಾಗ ಅವಳಿಗೆ ಅಳು ಬರಲಿಲ್ಲ, ಅವನ ಮೇಲೆ ಸಿಟ್ಟೇ ಹೆಚ್ಚಾಯಿತು.

ಮಿಲ್ಲಿನ ಗೇಟಿನ ಮುಂದೆ ಗುಂಪು ಕೂಡಿತ್ತು. ಹೊನ್ನೂರುಸ್ವಾಮಿ ಹಾಸಿಗೆಯ ಸುರುಳಿ ಪಕ್ಕಕ್ಕಿಟ್ಟು ನೆಲದ ಮೇಲೆ ಕೂತಿದ್ದ. ಸುಂಕಲಮ್ಮ ಅವನ ಮುಖಕ್ಕೆ ಕೈ ಮಾಡಿ ಬೈಯುತ್ತಿದ್ದಳು, ಯಾರೋ ಅವನ ಸೈಕಲ್ಲನ್ನು ಒದ್ದು ಕೆಡವಿದ್ದರು. ಗಾದಿಲಿಂಗಪ್ಪನವರು ಗೇಟಿನ ಒಳಗೆ ಕುರ್ಚಿ ಹಾಕಿಸಿಕೊಂಡು ಎಲ್ಲವನ್ನೂ ನೋಡುತ್ತಿದ್ದರು. ಪರಶುರಾಮ್ ಟೆಂಪೋಗೆ ಒರಗಿ ನಿಂತಿದ್ದ. ತಂಗಿಯನ್ನು ಕಂಡು ಅವನ ಮುಖ ಬಿಳಿಚಿತು.

"ಅವನ್ನ ಬಿಡ್ರಿ. ಕೊಯ್ದಾಂವ ಅಂವ ಅಲ್ಲ," ಎಂದಳು ಪಂಪಾವತಿ. ಬೈಗುಳದ ಗದ್ದಲದಲ್ಲಿ ಕೇಳಿಸದ್ದರಿಂದ ಇನ್ನೊಮ್ಮೆ ಗಟ್ಟಿಯಾಗಿ ಹೇಳಬೇಕಾಯಿತು. "ನಮ್ಮಣ್ಣ ಕೊಯ್ದಾನ. ನಮ್ಮಜ್ಜನ ರಂಪಿಗಿಯಿಂದ. ಅದು ಟೆಂಪೋದಾಗ ಸಿಕ್ಕೈತಿ ನನಗ."

ಸುಂಕಲಮ್ಮ ಹೋಗಿ ಪರಶುರಾಮನ ಅಂಗಿ ಹಿಡಿದಳು. "ಹೌದೇನೋ? ದಿನಾ ನನ್ನ ಕೈಲಿಂದ ಎಲಿ ಅಡಿಕಿ ಇಸ್ಕೊಂಡು ತಿಂತಿದ್ಯಲ್ಲೋ, ಹೌದೇನೋ?" ಅವನು ಇಲ್ಲ ಅನ್ನಲಿಲ್ಲ. ಅವಳು ಕೆನ್ನೆಗೆ ಬಾರಿಸಿದಳು. ಬಿಡಿಸಲು ಯಾರೂ ಹೋಗಲಿಲ್ಲ, ಪಂಪಾವತಿಯೂ ಹೋಗಲಿಲ್ಲ.

ಗಾದಿಲಿಂಗಪ್ಪನವರು ಎದ್ದು ನಿಂತರು. "ಸಾಕು. ಅಣ್ಣ ತಂಗಿ ಜಗಳ ಮನ್ಯಾಗ ಇಟ್ಕೊಳ್ರಿ. ನನ್ನ ಮಿಲ್ಲಿನ ಮುಂದ ಬ್ಯಾಡ. ಎಲ್ಲಾರೂ ಒಳಗ ನಡೀರಿ, ಬೇಯಿಸಿದ ನೆಲ್ಲು ಕಾಯಾಕ ಹತ್ತೈತಿ."

"ಒಂದು ಮಾತ್ರಿ," ಎಂದಳು ಪಂಪಾವತಿ. "ಹೊನ್ನೂರುಸ್ವಾಮಿನ ಆ ಅರ್ಧ ತಾಸು ಒಳಗ ಕರದೋರು ಯಾರು?"

"ತೂಕಕ್ಕ ಕರದೆ. ನನ್ನ ಆಳು, ನಾ ಕರದ್ರ ತಪ್ಪೇನು?"

"ಇಷ್ಟು ವರ್ಷದಾಗ ಒಂದು ದಿನ ನನ್ನ ತೂಕಕ್ಕ ಕರದಿದ್ರೇನ್ರಿ?" ಎಂದು ನೆಲದ ಮೇಲಿದ್ದ ಹೊನ್ನೂರುಸ್ವಾಮಿ ಕೇಳಿದ.

ಪರಶುರಾಮ್ ತಲೆ ಎತ್ತಿದ. ತುಟಿಯಲ್ಲಿ ರಕ್ತವಿತ್ತು. "ಸಾವ್ಕಾರ್ರ, ಹೇಳ್ರಿ. 'ಗಾಡಿ ಹೆಂಗ ತುಂಬಿಸ್ತೀಯೋ ನನಗ ಗೊತ್ತಿಲ್ಲ, ಸಂಜಿ ನಾಲ್ಕಕ್ಕ ಮರದ ಕೆಳಗ ಯಾರೂ ಇರಂಗಿಲ್ಲ' ಅಂದ್ರಲ್ರಿ ನೀವು."

"ಹೌದು, ಅಂದೆ. ಕೊಯ್ಯಿ ಅಂದ್ನೇನು? ನನ್ನ ಬಾಯಾಗ ಆ ಮಾತು ಬಂತೇನು?"

ಪರಶುರಾಮ್ ಅವರ ಮುಖವನ್ನೇ ನೋಡುತ್ತ ನಿಂತ. ಆ ಮಾತು ಬಂದಿರಲಿಲ್ಲ, ಅದು ನಿಜ. ಅವನು ಟೆಂಪೋದ ಬಾಗಿಲನ್ನು ದಡಾರನೆ ಮುಚ್ಚಿ, ಕಂಪ್ಲಿ ಬಸ್ ಸ್ಟ್ಯಾಂಡಿನ ಕಡೆ ನಡೆದ. ತಂಗಿಯ ಪಕ್ಕದಲ್ಲೇ ಹಾದು ಹೋದರೂ ಅವಳತ್ತ ನೋಡಲಿಲ್ಲ.

ಹೆಂಗಸರು ಒಳಗೆ ಹೋಗಲಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ. ಸುಂಕಲಮ್ಮ ಬೇವಿನ ಮರದಡಿ ಹೋಗಿ ಕೂತಳು, ಉಳಿದವರೂ ಕೂತರು, ಆ ಇಬ್ಬರು ಮುದುಕಿಯರೂ ಕೂತರು. ಬೇಯಿಸಿದ ನೆಲ್ಲನ್ನು ಹೊತ್ತಿಗೆ ಸರಿಯಾಗಿ ಕಣದಲ್ಲಿ ಹರಡದಿದ್ದರೆ ಹುಳಿ ವಾಸನೆ ಹತ್ತುತ್ತದೆ. ಆ ವಾಸನೆ ಹತ್ತಿದ ಅಕ್ಕಿಯನ್ನು ಯಾರೂ ಮೂಸುವುದಿಲ್ಲ. ಒಂಬತ್ತಕ್ಕೆ ಮೇಸ್ತ್ರಿ ಬಂದು ಗದರಿದ. ಹತ್ತಕ್ಕೆ ಬೇರೆ ಊರಿಂದ ಮಂದಿ ತರುತ್ತೇನೆ ಎಂದ. ಕೊಯ್ಲಿನ ದಿನಗಳಲ್ಲಿ ಮಂದಿ ಎಲ್ಲಿ ಸಿಗುತ್ತಾರೆ? ಹನ್ನೊಂದರ ಹೊತ್ತಿಗೆ ಗಾದಿಲಿಂಗಪ್ಪನವರೇ ಗೇಟಿಗೆ ಬಂದರು. ಸೈಕಲ್ಲು ಒಳಗೆ ಹೊಟ್ಟಿನ ಗೋದಾಮಿನ ಪಕ್ಕ ನಿಲ್ಲಿಸಲಿ, ಆರಕ್ಕೆ ಯಾರು ಬೇಕಾದರೂ ಹೋಗಲಿ, ಹೊನ್ನೂರುಸ್ವಾಮಿ ಇರಲಿ. "ಟೈರು ಮಾತ್ರ ನಾ ಕೊಡಂಗಿಲ್ಲ. ಕೊಯ್ದೋರ ಮನೀನ ಕೇಳ್ರಿ," ಎಂದು ಪಂಪಾವತಿಯ ಕಡೆ ಬೆರಳು ಮಾಡಿ ಒಳಗೆ ಹೋದರು.

ಪಂಪಾವತಿ ಹೊನ್ನೂರುಸ್ವಾಮಿಯ ಸೈಕಲ್ಲನ್ನು ಎತ್ತಿ ನಿಲ್ಲಿಸಿ, ಸೊಟ್ಟಗಾಗಿದ್ದ ಹ್ಯಾಂಡಲನ್ನು ಎರಡೂ ಮಂಡಿಗಳ ನಡುವೆ ಹಿಡಿದು ನೆಟ್ಟಗೆ ಮಾಡಿದಳು. ಅವನು ಅದನ್ನು ಇಸಿದುಕೊಂಡ.

"ನಿನ್ನೆ ಸಂಜಿನ ಬರಬೇಕಿತ್ತು ನೀನು," ಎಂದ. "ಈ ಹೆಂಗಸ್ರು ನನ್ನ ಮುಖಕ್ಕ ಉಗುಳಿದ ಮ್ಯಾಲ ಬಂದಿ."

ಹದಿನಾಲ್ಕು ಸೈಕಲ್ಲುಗಳ ಟೈರು ಟ್ಯೂಬುಗಳನ್ನು ಪಂಪಾವತಿ ತಾನೇ ಹಾಕಿ ಕೊಟ್ಟಳು. ಅದಕ್ಕಾಗಿ ವೆಲ್ಡಿಂಗ್ ಮಷೀನು ಮಾರಿದಳು. ಹೆಂಗಸರು ಬಂದು ತಮ್ಮ ತಮ್ಮ ಸೈಕಲ್ಲು ಒಯ್ದರು. ಕೆಲವರು ಮಾತಾಡಿಸಿದರು, ಕೆಲವರು ಇಲ್ಲ. ಸುಂಕಲಮ್ಮ ಕೊನೆಗೆ ಬಂದಳು. "ನಿಮ್ಮ ಮನೀ ಮಂದಿನ್ನ ನಂಬಾಕ ಇನ್ನ ನನಗಾಗಂಗಿಲ್ಲ. ಆದ್ರ ಕೆಲಸ ನಿನ್ನಷ್ಟು ಛಂದ ಯಾರೂ ಮಾಡಂಗಿಲ್ಲ," ಎಂದು ಗಾಲಿ ತಿರುಗಿಸಿ ನೋಡಿ ಹೊರಟಳು.

ಪರಶುರಾಮ್ ಮಿಲ್ಲಿಗೆ ಮತ್ತೆ ಹೋಗಲಿಲ್ಲ. ಸಂಡೂರಿನ ಕಡೆ ಅದಿರು ಲಾರಿ ಹಿಡಿದ. ಹೆಂಡತಿ ಮಕ್ಕಳನ್ನು ಕರೆದೊಯ್ಯಲು ಬಂದ ದಿನ ತಂಗಿ ಹೊಸಪೇಟೆಗೆ ಹೋಗಿರುವ ಹೊತ್ತು ನೋಡಿಯೇ ಬಂದಿದ್ದ. ಮನೆಯಲ್ಲಿ ಉಳಿದವರು ತಾಯಿ ಮಗಳು ಇಬ್ಬರೇ. ಬಸಕ್ಕ ರೊಟ್ಟಿ ಬಡಿದು ಮಗಳಿಗೆ ತಟ್ಟೆಯಲ್ಲಿ ಇಡುತ್ತಿದ್ದಳು, ಮಾತಿರಲಿಲ್ಲ. ಹೀಗೆ ಒಂದು ತಿಂಗಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಇಬ್ಬರೂ ಊಟಕ್ಕೆ ಕೂತಿದ್ದಾಗ ಬಸಕ್ಕನ ಫೋನು ಬಡಿಯಿತು. ಕಿವಿ ಮಂದವಾದ್ದರಿಂದ ಅವಳು ಸ್ಪೀಕರ್ ಹಾಕಿಯೇ ಮಾತಾಡುವುದು.

"ಯವ್ವಾ, ಆಕಿ ಅಲ್ಲೇ ಅದಾಳೇನು?" ಪರಶುರಾಮನ ದನಿ. ಹಿಂದೆ ಲಾರಿಗಳ ಹಾರ್ನು.

"ಅದಾಳಪ್ಪ."

"ಆಕಿ ಹೊರಗ ಹೋದ ಮ್ಯಾಲ ಮಾಡ್ತೀನಿ." ಫೋನು ಕಟ್ಟಾಯಿತು.

ಬಸಕ್ಕ ಫೋನನ್ನು ಸೆರಗಿನಲ್ಲಿ ಒರೆಸಿ ಪಕ್ಕಕ್ಕಿಟ್ಟಳು. ತಿಂಗಳ ಮೇಲೆ ಮೊದಲ ಸಲ ಮಗಳ ಮುಖ ನೋಡಿದಳು.

"ನೀ ಹೊರಗ ಹೋಗೋದು ಎಷ್ಟೊತ್ತಿಗೆ?"

ಪಂಪಾವತಿಯ ತಟ್ಟೆಯಲ್ಲಿ ಇನ್ನೂ ಅರ್ಧ ರೊಟ್ಟಿ ಇತ್ತು.

"ಈಗ ಹೋಗ್ತೀನವ್ವ," ಎಂದು ಕೈ ತೊಳೆದು, ಪಾನಾ ತೆಗೆದುಕೊಂಡು ತಗಡಿನ ಕಡೆ ನಡೆದಳು.